ಗೊಂಬೆಯ ಕಿವಿಗೆ ಕಟ್ಟಿದ ದಾರ

ಪೆರಂಬೂರಿನ ಈ ರೈಲ್ವೆ ಕ್ವಾರ್ಟರ್ಸಿನಲ್ಲಿ ಹದಿನೆಂಟು ವರ್ಷಗಳಿಂದ ದಸರೆಗೆ ಗೊಂಬೆ ಕೂರಿಸುತ್ತಿರುವ, ಎಸ್ಸೆಸ್ಸೆಲ್ಸಿ ಪಾಸಾದ ಮನೆಯೊಡತಿ ನಾನು. ಇವತ್ತಿನವರೆಗೆ ನನ್ನ ಮಾತಿಗೆ ಎದುರಾಡಿದವರಿರಲಿಲ್ಲ, ಸ್ನೇಹಿತರೇ.

ಅರಿಶಿನ ಕುಂಕುಮಕ್ಕೆ ನುಂಗಂಬಾಕ್ಕಂನಿಂದ ಜಾನಕಮ್ಮ ಬಂದಿದ್ದರು. ಅವರ ಮಗಳನ್ನು ನಮ್ಮ ಹುಡುಗನಿಗೆ ಕೇಳಿದ್ದೇವೆ. ಒಪ್ಪಿಗೆ ಇನ್ನೂ ಬಂದಿಲ್ಲ.

"ಮದುವೆಯಾದ ಮೇಲೆ ಈ ಅಡುಗೆಮನೆ ನಿಮ್ಮ ಮಗಳದ್ದೇ," ಎಂದೆ.

ಜಾನಕಮ್ಮ ನನ್ನ ಬೆನ್ನ ಹಿಂದೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಿರುಗಿದರೆ ಗೊಂಬೆ ಮೆಟ್ಟಿಲ ಮೇಲಿನ ತಂಜಾವೂರು ಗೊಂಬೆ 'ಇಲ್ಲ, ಇಲ್ಲ' ಎಂದು ತಲೆಯಾಡಿಸುತ್ತಿತ್ತು.

ಮೆಟ್ಟಿಲಿನ ಬಟ್ಟೆಯ ಮರೆಯಲ್ಲಿ ನಮ್ಮ ಯಜಮಾನರು ಮಾಡಿದ ಮೋಟರು. ಕರೆಂಟು ಕೊಟ್ಟರೆ, ತಂತಿ ಸುತ್ತಿದ ಕೊಳವೆ ಕಬ್ಬಿಣದ ಕಡ್ಡಿಯನ್ನು ಒಳಗೆಳೆದು ಬಿಟ್ಟಂತೆಲ್ಲ ಚಕ್ರ ತಿರುಗುತ್ತದೆ. ಚಕ್ರದಿಂದ ಗೊಂಬೆಯ ಕಿವಿಗೆ ದಾರ.

"ಮೊಟ್ಟಮೊದಲ ಕಾಲದ ಮೋಟರು ಹೀಗೇ ಇತ್ತು ಕಣೇ. ಸುಮ್ನೆ ಟೆಸ್ಟ್ ಮಾಡ್ತಿದ್ದೆ," ಎಂದರು ಮೆಟ್ಟಿಲ ಪಕ್ಕದಲ್ಲಿ ನಿಂತಿದ್ದ ಯಜಮಾನರು.

"ಮೋಟರನ್ನೋ, ನನ್ನನ್ನೋ?"

"ಬಿಡಿ," ಎಂದರು ಜಾನಕಮ್ಮ. "ಗೊಂಬೆಗೆ ಸುಳ್ಳು ಹೇಳೋಕೆ ಬರುತ್ತಾ?"

ನಾನು ದಾರವನ್ನು ಕಿವಿಯಿಂದ ಬಿಚ್ಚಿ ಹಿಂದಿನ ಜಡೆಗೆ ಕಟ್ಟಿದೆ. ಅಡುಗೆಮನೆಯ ಮಾತನ್ನು ಮತ್ತೊಮ್ಮೆ ಹೇಳಿದೆ. ಗೊಂಬೆ ಹೌದು, ಹೌದು ಎಂದಿತು. ಪಕ್ಕದಲ್ಲಿದ್ದ ಯಜಮಾನರು ದಾರವಿಲ್ಲದೆಯೇ ಹಾಗೆ ತಲೆಯಾಡಿಸಿದರು.