ಹನ್ನೊಂದನೆಯವನನ್ನು ಹುಡುಕಿ ಹೊರಟ ಕ್ಯಾಪ್ಟನ್ ಮಾಬಲಣ್ಣ

ಸುಳ್ಳು...
ಸುಳ್ಳು ಅನ್ನಿ ಗೆಳೆಯರೇ, ಯಾರಾದರೂ ಒಬ್ಬರು ಇದು ಸುಳ್ಳು ಅನ್ನಿ!

ಬೆಳಿಗ್ಗೆ ಫೋನ್ ಬಂತು. ಮಾಬಲಣ್ಣನ ಮಗಳು.
"ಅಪ್ಪ ಹೋದ..." ಅಂದಳು.
ನಾಟಕದಲ್ಲಿ ಸಾವಿರ ಜನರ ಮುಂದೆ ಮೈಕಿಲ್ಲದೆ ಗುಡುಗಿದವನು ನಾನು, ಫೋನ್ ಇಟ್ಟು ಇದನ್ನು ಬರೆಯಲು ಕೂತೆ.
ಮೊನ್ನೆ ಮೊನ್ನೆ ಮಾತಾಡಿದ್ದೆ ಮಾರಾಯ್ರೆ... ಆಸ್ಟ್ರೇಲಿಯಾದ ಪಿಚ್ ಬಗ್ಗೆ ಅರ್ಧ ಗಂಟೆ ಕೊರೆದಿದ್ದ!

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ.
ಶಿರಸಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮಾಬಲಣ್ಣ, ಅರವತ್ತರ ದಶಕದಲ್ಲಿ ನಮ್ಮೂರ ಕ್ರಿಕೆಟ್ ಕ್ಲಬ್ಬಿನ ಕ್ಯಾಪ್ಟನ್.
ಹೆಸರಿಗೆ ಕ್ಯಾಪ್ಟನ್. ಪಿಚ್‌ಗೆ ನೀರು ಹೊಡೆಯುವವನೂ ಅವನೇ, ಹರಿದ ಪ್ಯಾಡ್ ಹೊಲಿಯುವವನೂ ಅವನೇ.

ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರ... ಮೂರೂ ಊರಿಗೆ ಸೇರಿ ಇದ್ದದ್ದು ಒಂದೇ ಮ್ಯಾಟು.
ಪಿಚ್ ಮೇಲೆ ಹಾಸುವಂಥದ್ದು, ತೆಂಗಿನ ನಾರಿನದು. ಇಬ್ಬರು ಎತ್ತಬೇಕು, ಅಷ್ಟು ಭಾರ.
ನಮ್ಮ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ಮ್ಯಾಟಿಲ್ಲದೆ ಲೆದರ್ ಬಾಲ್ ಆಡಿದರೆ ಹಣೆ ಒಡೆದೀತು. ಮ್ಯಾಟಿಲ್ಲದ ಊರಲ್ಲಿ ಕ್ರಿಕೆಟ್ಟೇ ಇಲ್ಲ!

ಮೂವರು ಕ್ಯಾಪ್ಟನ್ನರು ಒಂದು ಒಪ್ಪಂದ ಮಾಡಿಕೊಂಡಿದ್ದರು. ಬಾಯಿಮಾತಿನದು.
ಸೋಲು ಗೆಲುವು ಹೇಗೂ ಇರಲಿ, ಮ್ಯಾಚಿನ ದಿನ ಹನ್ನೊಂದು ಜನರನ್ನು ಮೈದಾನಕ್ಕಿಳಿಸಿದ ಊರು ಮ್ಯಾಟು ಇಟ್ಟುಕೊಳ್ಳಬಹುದು.
ಒಬ್ಬ ಕಮ್ಮಿಯಾದರೂ ಎದುರಿನ ಊರಿಗೆ ಒಪ್ಪಿಸಬೇಕು.
ಯಲ್ಲಾಪುರದವರು ಮೊದಲೇ ಕೈಚೆಲ್ಲಿದ್ದರು. ಉಳಿದದ್ದು ನಾವು ಮತ್ತು ಸಿದ್ದಾಪುರ. ಮ್ಯಾಟು ಆಗ ನಮ್ಮ ಹತ್ತಿರ ಇತ್ತು.

ಆಗ ರಂಗಪ್ರವೇಶ ಮಾಡಿತು ನೋಡಿ... ರೇಡಿಯೋ!
ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಟೆಸ್ಟ್ ಕಾಮೆಂಟರಿ. ಒಂದು ಚಾ ಹೇಳಿ ಇಡೀ ದಿನ ಕೂರುವುದು.
ಇಂಗ್ಲಿಷ್ ಅರ್ಥವಾಗದವರೂ ಜನರ ಗದ್ದಲ ಕೇಳಿಯೇ ಕುಣಿಯುತ್ತಿದ್ದರು.

ಮಾಬಲಣ್ಣನಿಗಿಂತ ದೊಡ್ಡ ಟೆಸ್ಟ್ ಹುಚ್ಚ ಊರಲ್ಲಿ ಇರಲಿಲ್ಲ. ಹುಬ್ಬಳ್ಳಿ ಪೇಪರಿನಿಂದ ಸ್ಕೋರ್ ಕತ್ತರಿಸಿ ಅಂಗಡಿ ಗೋಡೆಗೆ ಅಂಟಿಸುತ್ತಿದ್ದವನು ಅವನು.
ಆದರೆ ನಮ್ಮ ಮ್ಯಾಚಿನ ದಿನ ಹೋಟೆಲಿನ ಕಡೆ ತಲೆ ಹಾಕಿಯೂ ಮಲಗಿದವನಲ್ಲ.
ಕೇಳಿದರೆ ನಮ್ಮ ಹವ್ಯಕ ಮಾತಲ್ಲಿ ಹೇಳುತ್ತಿದ್ದ ('ಆನು' ಅಂದರೆ ನಾನು): "ಆನು ಕೇಳದೇ ಇದ್ರೂ ಬೊಂಬಾಯಿಲಿ ಆಟ ನಿಲ್ತಿಲ್ಲೆ. ಇಲ್ಲಿ ಆನು ಬರದೇ ಹೋದ್ರೆ ಹತ್ತೇ ಜನ!"

ಒಂದು ಭಾನುವಾರ. ಸಿದ್ದಾಪುರದವರು ಬಂದಿಳಿದಿದ್ದಾರೆ. ನಮ್ಮ ಆಟಗಾರರಲ್ಲಿ ನಾಲ್ವರು ರೇಡಿಯೋದ ಮುಂದೆ!
ನಾವು ನಾಟಕದವರು ತಾಲೀಮು ಮಾಡುತ್ತಿದ್ದ ಮನೆಗೆ ಬಿರುಗಾಳಿಯಂತೆ ನುಗ್ಗಿದ ಮಾಬಲಣ್ಣ. ನನ್ನದು ರಾಕ್ಷಸನ ಪಾರ್ಟು.
"ತಮಾ, ನಿಂಗೆ ಓಡಲೆ ಬತ್ತಾ?"
"ಬತ್ತು. ಆದ್ರೆ ಬ್ಯಾಟು ಮುಟ್ಟಿದ್ನೇ ಇಲ್ಲೆ..."
"ಬಿಸಿಲಲ್ಲಿ ನಿಲ್ಲಲೆ?"
"ಅದೂ ಬತ್ತು."
"ಹಂಗಾರೆ ಹೋಪನ!"
ನಾಟಕದವರು ನಾಲ್ವರನ್ನು ಎಳೆದುಕೊಂಡೇ ಹೋದ. ಹನ್ನೊಂದು ಆಯಿತು!

ಕೊನೆಯ ಓವರ್. ಅವರಿಗೆ ಬೇಕಾದದ್ದು ಮೂರೇ ರನ್.
ಚೆಂಡು ನೇರ ನನ್ನ ಕಡೆ... ಹಾರಿ ಹಿಡಿದೆ!
ಮರದಡಿ ಕೂತ ಜನ ಚಪ್ಪಾಳೆ ಹೊಡೆದರು.
ಚಪ್ಪಾಳೆ ನಿಲ್ಲುವವರೆಗೆ ನಟ ಅಲುಗಬಾರದು ಅಂತ ನಮ್ಮ ಮೇಷ್ಟ್ರು ಕಲಿಸಿದ ಪಾಠ.
ಚೆಂಡನ್ನು ಎತ್ತಿ ಹಿಡಿದು, ಎದೆ ಸೆಟೆದು, ಜನರ ಕಡೆ ತಿರುಗಿ ನಿಂತೆ...
ನೆಲಕ್ಕೆ ಬಡಿದು ಬಂದ ಚೆಂಡು ಹಿಡಿದರೆ ಔಟ್ ಅಲ್ಲ ಅಂತ ಯಾರಿಗೆ ಗೊತ್ತು!
ಬೆನ್ನ ಹಿಂದೆ ಅವರು ಮೂರು ರನ್ ಓಡಿ ಮುಗಿಸಿದ್ದರು.

ಮಾಬಲಣ್ಣ ಓಡಿ ಬಂದ. ಸತ್ತೆ ಅಂದುಕೊಂಡೆ.
"ಮಾರಾಯಾ, ಸಭಿಕರಿಗೆ ತೋರ್ಸಿದ್ದು ಸಾಕು... ಎನಗೂ ಕೊಡು ಆ ಚೆಂಡ!"
ಹೊಟ್ಟೆ ಹಿಡಿದು ನಕ್ಕ. "ಸೋತ್ರೆ ಎಂತ ಆತು? ಮ್ಯಾಟು ಉಳತ್ತಲಾ!"

ಮಾಬಲಣ್ಣಾ...
ಕೇಳ್ತಾ ಇದ್ಯಾ?
ಮುಂದಿನ ವರ್ಷದ್ದನ್ನೂ ಹೇಳಿಬಿಡ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮತ್ತೆ ಮ್ಯಾಚು, ಮತ್ತೆ ಟೆಸ್ಟು. ಆ ಸಲ ರೇಡಿಯೋದ ಮುಂದೆ ನಾನೂ ಇದ್ದೆ.
ನೀನು ಹೋಟೆಲಿನ ಬಾಗಿಲಲ್ಲಿ ಬಂದು ನಿಂತೆ. ಬಿಳಿ ಪ್ಯಾಂಟು, ಕೈಯಲ್ಲಿ ಗ್ಲೌಸು. ಒಬ್ಬೊಬ್ಬರನ್ನೇ ನೋಡಿದೆ... ನನ್ನನ್ನೂ.
"ಸ್ಕೋರ್ ಎಷ್ಟಾತು ತಮಾ?" ಅಂದೆ ನೀನು. ಅಷ್ಟೇ.
ನಾನು ಮೂರ್ಖ! ನಾಟಕದ ಗತ್ತಿನಲ್ಲಿ ಸ್ಕೋರ್ ಸಾರಿದೆ. ಎಲ್ಲರೂ ನಕ್ಕರು.
"ಹೌದಾ! ಚಲೋ ಆತು" ಅಂದು ಹೊರಟುಹೋದೆ ನೀನು.
ನಿನ್ನ ಕಡೆ ಎಷ್ಟು ಜನ ಆದರು ಅಂತ ನಾನು ಕೇಳಲೇ ಇಲ್ಲ...

ಆರು ಜನರಂತೆ. ಆಮೇಲೆ ತಿಳಿಯಿತು.
ಸಿದ್ದಾಪುರದ ಕ್ಯಾಪ್ಟನ್ ಮಾಸ್ತರರೇ ಹೇಳಿದರಂತೆ, "ಆರಾರು ಜನ ಆಡಿ ಮುಗಿಸೋಣ ಮಾರಾಯ್ರೆ, ಮ್ಯಾಟು ಇಲ್ಲೇ ಇರಲಿ."
"ಒಪ್ಪಂದ ಮಾಡ್ಕಂಡವ ಆನೇ ಅಲ್ದ ಮಾಸ್ತರೇ" ಅಂದು, ನೀನೇ ಮ್ಯಾಟು ಸುತ್ತಿ ಅವರ ಬಸ್ಸಿನ ಟಾಪಿಗೆ ಏರಿಸಿದೆಯಂತೆ.

ಅಲ್ಲಿಗೆ ಶಿರಸಿಯ ನಮ್ಮ ಕ್ಲಬ್ಬಿಗೆ ತೆರೆ ಬಿತ್ತು, ಗೆಳೆಯರೇ.
ಮಾಬಲಣ್ಣನಿಗೆ ಬೀಳಲಿಲ್ಲ!
ಮುಂದಿನ ಭಾನುವಾರ ಬ್ಯಾಟು ಹಿಡಿದು ಸಿದ್ದಾಪುರದ ಬಸ್ಸು ಹತ್ತಿದ. ಎಲ್ಲಿಗೆ ಅಂತ ಕೂಗಿ ಕೇಳಿದೆ.
"ಅವ್ರಿಗೆ ಒಬ್ಬ ಕಮ್ಮಿ ಇದ್ನಡ!" ಅಂದ, ಕಿಟಕಿಯಿಂದ.
ನಿನ್ನೆಯವರೆಗಿನ ಎದುರಾಳಿಗಳಿಗೆ ಹನ್ನೊಂದನೆಯವನಾಗಿ... ಮೊಣಕಾಲು ಸಾಕು ಅನ್ನುವವರೆಗೂ ಆಡಿದ.

ನಿನ್ನ ಜೊತೆ ಆ ಬಸ್ಸು ಹತ್ತುವ ಧೈರ್ಯ ನನಗೆ ಒಂದು ಭಾನುವಾರವೂ ಬರಲಿಲ್ಲ ಮಾಬಲಣ್ಣಾ.
ನೀನು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.
ತಪ್ಪಾಯಿತು ಅಂತ ಬದುಕಿದ್ದಾಗ ಹೇಳಬೇಕಿತ್ತು... ಈಗ ಎಲ್ಲರ ಎದುರಿಗೆ ಹೇಳುತ್ತಿದ್ದೇನೆ.

ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ. ಶಿರಸಿ, ಸಿದ್ದಾಪುರದ ಗೆಳೆಯರು ಆದಷ್ಟು ಮಂದಿ ಬನ್ನಿ.

ಹೋಗಿ ಬಾ ಕ್ಯಾಪ್ಟನ್...
ನಿನ್ನ ಆ ದೊಡ್ಡ ಜೀವ ತಣ್ಣಗಿರಲಿ.
🙏