ಎರಡು ಗೇಟುಗಳ ನಡುವಿನ ಮೇಸ್ತ್ರಮ್ಮ

ನನ್ನ ಅತ್ತೆಯನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಮೇಸ್ತ್ರಮ್ಮ. ಮೊದಲು ಗಡಿಗೇಟಿನ ಹಮಾಲರಿಗೆ ಮೇಸ್ತ್ರಿಯಾಗಿದ್ದವರು ನಮ್ಮ ಮಾವ. ಒಂದು ದಿನ ಸಿಮೆಂಟು ಮೂಟೆ ಇಳಿಸುವಾಗ ಅವರ ಸೊಂಟ ಹಿಡಿದುಕೊಂಡಿತು. ಮಾರನೇ ದಿನ ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಗೇಟಿಗೆ ಹೋಗಿ ನಿಂತರು. "ಅವರು ಹುಷಾರಾಗೋ ತನಕ ನಾನು ನೋಡ್ಕೋತೀನಿ" ಅಂದರಂತೆ. ಮಾವ ಹುಷಾರಾದರು, ಓಡಾಡಿದರು. ಅತ್ತೆ ಮಾತ್ರ ಜಾಗ ಬಿಡಲಿಲ್ಲ. "ಅವಳ ಬಾಯಿಗೆ ಹೆದರಿ ಮೂಟೆಗಳೇ ಇಳಿದು ಬರ್ತಾವೆ, ನಾನ್ಯಾಕೆ ಹೋಗ್ಲಿ" ಅಂತ ಮಾವ ಮನೆಯಲ್ಲೇ ಆರಾಮಾಗಿ ಅಡುಗೆ ಹಿಡಿದರು.

ಆಗ ಒಂದು ದೇಶದ ಲಾರಿ ಇನ್ನೊಂದು ದೇಶದೊಳಗೆ ಹೋಗುವಂತಿರಲಿಲ್ಲ. ಎರಡು ಗೇಟುಗಳ ನಡುವಿನ ಬಯಲಿನಲ್ಲಿ ಆ ಕಡೆಯ ಲಾರಿ, ಈ ಕಡೆಯ ಲಾರಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕು. ನಡುವೆ ನೆಲದ ಮೇಲೊಂದು ಬಿಳಿ ಪಟ್ಟೆ. ಅಲ್ಲಿಯವರೆಗೆ ಅವರ ಹಮಾಲರು ತಂದಿಟ್ಟರೆ, ಅಲ್ಲಿಂದ ನಮ್ಮವರು ಎತ್ತಿಕೊಳ್ಳಬೇಕು. ಆ ಕಡೆಯ ಮೇಸ್ತ್ರಿಗೆ ನಮ್ಮವರಿಟ್ಟ ಹೆಸರು ಗುಡುಗು. ಅವನು ಬಾಯಿ ತೆಗೆದರೆ ತಗಡಿನ ಚಾವಣಿ ಅದುರುತ್ತಿತ್ತು. ಅವನ ಭಾಷೆ ಬೇರೆ, ನಮ್ಮ ಭಾಷೆ ಬೇರೆ. ಆದರೆ ಕೆಲಸದ ಮಾತು ಮತ್ತು ಬೈಗುಳ ಕಲಿಯಲು ಯಾರಿಗೂ ಮೇಷ್ಟ್ರು ಬೇಕಾಗುವುದಿಲ್ಲ. ಹರಿದ ಮೂಟೆ ಪಟ್ಟೆಯ ಆಚೆ ಹರಿಯಿತೋ ಈಚೆ ಹರಿಯಿತೋ ಅಂತ ಇಬ್ಬರೂ ಜಗಳಕ್ಕೆ ನಿಂತರೆ, ಚಾಲಕರು ಇಂಜಿನ್ ಆರಿಸಿ ನೆರಳಲ್ಲಿ ಕೂತು ಕೇಳುತ್ತಿದ್ದರು.

ನಾನು ಸೊಸೆಯಾಗಿ ಬಂದ ಹೊಸದರಲ್ಲೇ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಇನ್ನು ಮೇಲೆ ಸೀಲ್ ಹಾಕಿದ ಲಾರಿ ನೇರವಾಗಿ ದಾಟಬಹುದು. ಮೊದಲ ಲಾರಿ ಹಾರ್ನ್ ಬಾರಿಸುತ್ತಾ ಬಿಳಿ ಪಟ್ಟೆಯ ಮೇಲೆ ಹಾದುಹೋದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಹಮಾಲರೂ ತಟ್ಟಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಳಿಸಲು ಏನೂ ಉಳಿದಿರಲಿಲ್ಲ.

ಅತ್ತೆ ಮನೆಗೆ ಬಂದು ಸುಮ್ಮನೆ ಕೂತರು. ಅವರು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವ ತಟ್ಟೆ ಮುಂದಿಟ್ಟು, "ನನ್ನನ್ನಾದ್ರೂ ನಾಲ್ಕು ಮಾತು ಬೈಯೇ, ಹಗುರಾಗ್ತೀಯ" ಅಂದರು. ಅತ್ತೆಗೆ ಅದಕ್ಕೂ ಮನಸ್ಸು ಬರಲಿಲ್ಲ.

ಹೀಗಿರುವಾಗ ನಮ್ಮೂರಿನ ಮಡಕೆ ಮಾಡುವಾಕೆ ನಮ್ಮ ಮನೆಗೆ ಬಂದಳು. ಗಡಿಯಾಚೆಯ ಪೇಟೆಯಲ್ಲಿ ಅವಳ ಮಡಕೆಗೆ ಗಿರಾಕಿಗಳಿದ್ದರು. ಮೊದಲೆಲ್ಲ ಬಯಲಿನಲ್ಲಿ ಲಾರಿ ತುಂಬುವಾಗ ಸಂದಿನಲ್ಲಿ ಅವಳ ಮಡಕೆಗೂ ಜಾಗ ಸಿಗುತ್ತಿತ್ತು.

"ಈಗ ಸೀಲ್ ಹಾಕಿದ ಬಾಗಿಲು ಯಾರೂ ತೆಗೆಯಲ್ಲ ಮೇಸ್ತ್ರಮ್ಮ," ಅಂದಳು. "ಇಡೀ ಲಾರಿ ಮಾಡ್ಕೊಂಡು ಹೋಗೋಕೆ ನನ್ನ ಹತ್ರ ಅಷ್ಟು ಮಡಕೆ ಎಲ್ಲಿದೆ? ದೇಶಕ್ಕೆ ದಾರಿ ಆಯ್ತು, ನನ್ನ ದಾರಿ ಮುಚ್ಚಿತು."

"ನಿನ್ನ ಹಾಗೆ ಇನ್ನೂ ಯಾರಿದ್ದಾರೆ?"

"ಬುಟ್ಟಿ ಹೆಣೆಯೋರು, ಪೊರಕೆ ಕಟ್ಟೋರು, ಜೇನು ಮಾರೋ ಅಣ್ಣತಮ್ಮಂದಿರು. ಯಾರಿಗಿಲ್ಲ ಈ ಗೋಳು?"

ಅತ್ತೆ ತಟ್ಟನೆ ಎದ್ದು ಟವೆಲ್ ಹುಡುಕಿದರು. ಎಲ್ಲರದೂ ಸ್ವಲ್ಪ ಸ್ವಲ್ಪ ಸೇರಿಸಿದರೆ ಒಂದು ಲಾರಿ ತುಂಬುತ್ತದೆ, ತುಂಬಿಸಲು ನಮ್ಮ ಹಮಾಲರಿದ್ದಾರೆ ಅಂದರು. ಸಂಜೆಯೊಳಗೆ ಲಾರಿಯ ಚಾಲಕನನ್ನೂ ಹಿಡಿದರು. ಅವನು ತಲೆ ಕೆರೆದುಕೊಂಡ. "ಹೋಗೋದೇನೋ ಹೋಗ್ತೀನಿ. ಬರುವಾಗ ಖಾಲಿ ಬಂದ್ರೆ ನನಗೆ ಪೂರೈಸಲ್ಲ ಮೇಸ್ತ್ರಮ್ಮ. ಆ ಕಡೆಯಿಂದ ತುಂಬಿ ಕಳಿಸೋರು ಯಾರು?"

ಯಾರು ಅನ್ನುವುದು ಅತ್ತೆಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲು ಮಾತ್ರ ಇಷ್ಟವಿರಲಿಲ್ಲ.

ಬೆಳಗ್ಗೆ ನನ್ನನ್ನು ಜೊತೆಗೆ ಕರೆದುಕೊಂಡು, ಗೇಟಿನಲ್ಲಿ ದಿನದ ಪಾಸು ಬರೆಸಿ ಹೊರಟರು. ಅಷ್ಟು ವರ್ಷ ಬಿಳಿ ಪಟ್ಟೆಯ ಪಕ್ಕದಲ್ಲೇ ನಿಂತು ಬದುಕಿದವರು ಅದನ್ನು ದಾಟಿದ್ದು ಅವತ್ತೇ. ಆಚೆಯ ಬೀದಿಯಲ್ಲಿ ನಿಂತು ಸುತ್ತ ನೋಡಿ, "ಇಲ್ಲೂ ಸೈಕಲ್ ರಿಪೇರಿಯವನು ದಾರಿಗೇ ಅಡ್ಡ ಕೂತಿದ್ದಾನೆ ನೋಡು" ಅಂದರು. ಅವರ ಮುಖ ಸ್ವಲ್ಪ ಸಡಿಲಾಯಿತು.

ಗುಡುಗಿನ ಮನೆ ಅಕ್ಕಸಾಲಿಗನ ಅಂಗಡಿಯ ಹಿಂದಿತ್ತು. ಬಾಗಿಲು ತೆಗೆದವನ ತೋಳಿನಲ್ಲಿ ಪುಟ್ಟ ಮೊಮ್ಮಗಳು ಮಲಗಿದ್ದಳು. ಅವನು ತುಟಿಗೆ ಬೆರಳಿಟ್ಟು, ಪಿಸುಮಾತಿನಲ್ಲಿ ನಮ್ಮನ್ನು ಒಳಗೆ ಕರೆದ. ಅತ್ತೆ ನನ್ನ ಕಿವಿಯಲ್ಲಿ, "ಇವನು ಅವನೇನಾ, ಅವನ ತಮ್ಮನಾ?" ಅಂದರು. ಗೇಟಿನಲ್ಲಿ ಕಲಿತ ಅರೆಬರೆ ಭಾಷೆಯಲ್ಲೇ ಇಬ್ಬರೂ ಮಾತಿಗಿಳಿದರು. ಆ ಭಾಷೆಯಲ್ಲಿ ಮೊದಲ ಸಲ ಪಿಸುಗುಟ್ಟಬೇಕಾಗಿ ಬಂದಿತ್ತು.

"ನಿನ್ನ ಜನ ಏನ್ಮಾಡ್ತಿದ್ದಾರೆ?" ಅತ್ತೆ ಕೇಳಿದರು.

"ನೊಣ ಹೊಡೀತಿದ್ದಾರೆ," ಅಂದ ಅವನು. "ನಿನ್ನೋರು?"

"ಅದೇ."

ಇಬ್ಬರಿಗೂ ನಗು ಬಂತು. ಮಗು ಎಚ್ಚರವಾದೀತೆಂದು ಗುಡುಗು ನಗುವನ್ನು ಹೊಟ್ಟೆಯಲ್ಲೇ ತಡೆದ, ಭುಜ ಮಾತ್ರ ಕುಣಿಯಿತು. ಅತ್ತೆ ವಿಷಯ ಬಿಡಿಸಿ ಹೇಳಿದರು. ಅವನ ಕಡೆಯೂ ಸೋಪು ಮಾಡುವವರು, ಕಂಬಳಿ ನೇಯುವವರು, ಮರದ ಆಟಿಕೆಯವರು ಹೀಗೇ ದಾರಿ ಕಾಣದೆ ಕೂತಿದ್ದರಂತೆ. ಅವನ ಹೆಂಡತಿ ಒಳಗಿನಿಂದಲೇ ಏನೋ ಅಂದಳು. ಗುಡುಗು ನಮ್ಮ ಕಡೆ ತಿರುಗಿ, "ನೀವು ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳ್ತಿದ್ದಾಳೆ. ಮನೇಲಿ ಕೂತು ನಾನು ಅವಳ ತಲೆ ತಿಂತಿದ್ದೀನಂತೆ" ಅಂದ.

ಇಬ್ಬರೂ ಜೊತೆಯಾಗಿ ಗಡಿ ಅಧಿಕಾರಿಯ ಹತ್ತಿರ ಹೋದರು. ಬಯಲಿನಲ್ಲಿ ಖಾಲಿ ಬಿದ್ದಿದ್ದ ಗೋದಾಮು ಕೇಳಬೇಕಿತ್ತು. ಇವರಿಬ್ಬರ ಜಗಳ ಬಿಡಿಸಿ ಬಿಡಿಸಿ ಸೋತಿದ್ದ ಮನುಷ್ಯ ಆತ. ಪೂರ್ತಿ ಕೇಳಿಕೊಂಡು, ಆಚೆಯ ಅಧಿಕಾರಿಗೆ ತಾನೇ ಫೋನ್ ಮಾಡಿದ. "ಸಾಮಾನು ಗೋದಾಮಲ್ಲೇ ನೋಡಿ, ಅಲ್ಲೇ ಸೀಲ್ ಹಾಕೋಣ. ಆದ್ರೆ ಒಂದು ಮಾತು, ನೀವಿಬ್ಬರೂ ಒಂದೇ ಸಲ ಮಾತಾಡಬಾರದು" ಅಂದ.

ಮೊದಲ ಲಾರಿ ತುಂಬಿದ ದಿನ ನಾನೂ ಕೈಜೋಡಿಸಿದೆ. ಎರಡೂ ಕಡೆಯ ಹಮಾಲರು ಒಂದೇ ಸೂರಿನಡಿ ಬೆವರುತ್ತಿದ್ದರು. ಜೇನಿನ ಡಬ್ಬಗಳು ಕೆಳಗೆ, ಮೇಲೆ ಬುಟ್ಟಿಗಳು, ಬುಟ್ಟಿಯೊಳಗೆ ಹುಲ್ಲು ಒತ್ತಿ ಮಡಕೆಗಳು. ಪೊರಕೆಗಳನ್ನು ಎಲ್ಲಿ ಸೇರಿಸಬೇಕು ಅಂತ ಅತ್ತೆಗೂ ಗುಡುಗಿಗೂ ಜಗಳ ಶುರುವಾಯಿತು. ಅಧಿಕಾರಿ ಕಿವಿಗೆ ಹತ್ತಿ ಇಟ್ಟುಕೊಂಡ. ಹಮಾಲರು ಬಿದ್ದು ಬಿದ್ದು ನಕ್ಕರು.

ಲಾರಿ ಹೋಗಿ ತಲುಪಿತು. ಒಂದು ಮಡಕೆ ಬಿರುಕು ಬಿಟ್ಟಿತ್ತು, ಉಳಿದವೆಲ್ಲ ಕ್ಷೇಮ. ಬರುವಾಗ ಕಂಬಳಿ, ಸೋಪು ತುಂಬಿಕೊಂಡು ಬಂತು. ಇಡೀ ಗೋದಾಮು ಸೋಪಿನ ವಾಸನೆ ಹಿಡಿದು, ಹಮಾಲರು ಅವತ್ತು ಸ್ನಾನ ಮಾಡದೆಯೇ ಘಮಘಮಿಸುತ್ತಾ ಮನೆಗೆ ಹೋದರು.

ಈಗ ಲಾರಿಗಳು ಹೆಚ್ಚಾಗಿವೆ. ಪಕ್ಕದ ಮೂರನೇ ದೇಶದ ಚಾಪೆ ನೇಯುವವರೂ ಬಂದು ಸೇರಿದ್ದಾರೆ. ಮೊನ್ನೆ ಅಲ್ಲಿಂದ ಬಂದ ಹೊಸ ಮೇಸ್ತ್ರಿ ತುಂಬಾ ಮೆತ್ತಗಿನ ಮನುಷ್ಯ, ಎಲ್ಲದಕ್ಕೂ ತಲೆ ಅಲ್ಲಾಡಿಸುತ್ತಾನೆ. ಅತ್ತೆ ರಾತ್ರಿ ಊಟಕ್ಕೆ ಕೂತಾಗ ಮಾವನ ಹತ್ತಿರ, "ಅವನಿಗೆ ಜಗಳ ಕಲಿಸಬೇಕು ಕಣ್ರೀ, ಇಲ್ಲಾಂದ್ರೆ ಅವನ ಚಾಪೆ ಲಾರಿ ಹತ್ತೋದಿಲ್ಲ" ಅಂದರು.

"ಹಾಗಾದ್ರೆ ನಾಳೆ ಊಟಕ್ಕೆ ಕರೆದು ಬಿಡು," ಅಂದರು ಮಾವ, ಇನ್ನೊಂದು ತಟ್ಟೆ ಎಲ್ಲಿದೆ ಅಂತ ಹುಡುಕುತ್ತಾ.