ರೇವಾಳಿಗೆ ಕೊಟ್ಟ ತೋಟಾ

ಜಿಂಕೆ ಬೇಟೆಗೆ ಯಾವ ರೈಫಲ್ ಒಳ್ಳೆಯದು ಎಂದು ಕೇಳಿಕೊಂಡು ಬಂದವರನ್ನು ಮರ್ವಿನ್ ಪ್ಯಾಸ್ಕೋ ಒಂದಿಷ್ಟು ಉಪದೇಶ ಮಾಡದೆ ಕಳಿಸಿದವನಲ್ಲ. ಟೆ ಅನೌ ಊರಿನ ಬಂದೂಕಿನಂಗಡಿಯಲ್ಲಿ ನಿಂತು ನಿಂತು ಅವನಿಗೆ ಮಂಡಿ ಸವೆದಿತ್ತು, ನಾಲಗೆ ಮಾತ್ರ ಸವೆದಿರಲಿಲ್ಲ. ಭುಜ ನೋಡಿ ರೈಫಲ್, ಕಣಿವೆ ನೋಡಿ ತೋಟಾ ಎಂಬುದು ಅವನ ಗಾದೆ. ಅವನೇ ಕಟ್ಟಿದ್ದರಿಂದ ಬೇರೆ ಯಾರೂ ಅದನ್ನು ಹೇಳುತ್ತಿರಲಿಲ್ಲ. ದೊಡ್ಡ ರೈಫಲ್ಲಿಗೆ ಕೈಹಾಕಿದವರನ್ನು, "ಜಿಂಕೆ ಹೊಡೀತೀಯೋ, ರೈಲು ನಿಲ್ಲಿಸ್ತೀಯೋ?" ಎಂದು ಛೇಡಿಸುತ್ತಿದ್ದ.

ಶಾಲೆಯ ಬಸ್ಸು ಓಡಿಸುವ ರೇವಾ ಟಿಪೆನೆಗೆ, ಭುಜಕ್ಕೆ ಹೆಚ್ಚು ಒದೆಯದ ರೈಫಲ್ಲನ್ನೂ ಅದಕ್ಕೆ ಹಗುರ ಗುಂಡಿನ ತೋಟಾವನ್ನೂ ಆರಿಸಿಕೊಟ್ಟವನು ಅವನೇ. ಅವಳು ಗುರಿ ಅಭ್ಯಾಸದ ಮೈದಾನದ ಕೆಸರಿನಲ್ಲಿ ಬೋರಲು ಮಲಗಿ, ಆ ತೋಟಾಕ್ಕೆ ತಕ್ಕಂತೆ ರೈಫಲ್ಲಿನ ಮೇಲಿನ ದುರ್ಬೀನಿನ ತಿರುಪು ತಿರುಗಿಸಿ ಗುರಿ ಕೂರಿಸಿಕೊಂಡಿದ್ದಳು.

ಏಪ್ರಿಲ್ಲಿನಲ್ಲಿ ಗಂಡುಜಿಂಕೆಗಳು ಬೆದೆಗೆ ಬಂದು ಕೂಗತೊಡಗಿದರೆ ಅಂಗಡಿ ಸಂತೆಯಾಗುತ್ತದೆ. ಕಾಡಿಗೆ ಹೊರಟ ರೇವಾ ಇನ್ನೊಂದು ಡಬ್ಬಿ ತೋಟಾ ಕೇಳಿದಳು. ಹಗುರದ್ದು ಮುಗಿದುಹೋಗಿತ್ತು. 'ಇಲ್ಲ' ಎನ್ನುವುದು ಮರ್ವಿನ್‌ಗೆ ಒಗ್ಗದ ಮಾತು. ಭಾರದ ಗುಂಡಿನ ಡಬ್ಬಿ ಚಾಚಿ, ಇದೂ ಅದೇ, ಬಲ ಸ್ವಲ್ಪ ಜಾಸ್ತಿ ಎಂದ. ಮತ್ತೆ ಗುರಿ ಕೂರಿಸಿಕೊಳ್ಳಬೇಕು ಎನ್ನಲಿಲ್ಲ. ಹೇಳಿದರೆ ಡಬ್ಬಿ ಬಿಟ್ಟು ಎದುರಂಗಡಿಗೆ ಹೋದಾಳು ಎಂಬ ಅಳುಕು.

ವಾರ ಕಳೆದು ಬಂದವಳು ರೈಫಲ್ಲನ್ನು ಅವನ ಮುಂದಿಟ್ಟು, ಯಾರಿಗಾದರೂ ಮಾರಿಬಿಡು ಎಂದಳು. ಕಣಿವೆಯಾಚೆ ನಿಂತಿದ್ದ ಹೆಣ್ಣುಜಿಂಕೆಯ ಎದೆಗೆ ಗುರಿಯಿಟ್ಟಿದ್ದಳಂತೆ. ಏಟು ಅರ್ಧ ಗೇಣು ಕೆಳಗೆ ಬಿದ್ದು ಮುಂಗಾಲು ಮುರಿಯಿತು. ಮೂರು ಕಾಲಲ್ಲಿ ಅದು ಕಾಡು ಹೊಕ್ಕಿತು. ರಕ್ತದ ಜಾಡು ಹಿಡಿದು ಮರುದಿನ ಪತ್ತೆಹಚ್ಚಿದಾಗಲೂ ಜೀವವಿತ್ತು; ಹತ್ತಿರದಿಂದ ಇನ್ನೊಂದು ಗುಂಡು ಹೊಡೆದು ಮುಗಿಸಬೇಕಾಯಿತು. ರೈಫಲ್ ಆರಿಸಿಕೊಟ್ಟವರಿಗೆ ಮೊದಲ ಬೇಟೆಯ ತೊಡೆ ಕೊಡುವುದು ಅವಳ ಮನೆಯವರ ವಾಡಿಕೆ. ಅದನ್ನೂ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

"ನನ್ನ ಕೈಯೇ ಸರಿಯಿಲ್ಲ, ಮರ್ವ್. ಅದು ನನ್ನನ್ನೇ ನೋಡ್ತಾ ಇತ್ತು."

ಅಭ್ಯಾಸ ಸಾಲದು, ಎಲ್ಲರಿಗೂ ಹಾಗಾಗುತ್ತದೆ ಎನ್ನುವ ಮಾತು ಮರ್ವಿನ್‌ನ ಬಾಯಿಗೆ ಬಂದಿತ್ತು. ಅಂದುಬಿಡುತ್ತಿದ್ದ ಕೂಡ. ಅಷ್ಟರಲ್ಲಿ ಅವಳು, ನೀನು ಒಳ್ಳೆಯದನ್ನೇ ಆರಿಸಿಕೊಟ್ಟಿದ್ದೆ ಎಂದಳು.

"ತಪ್ಪು ನಿನ್ನ ಕೈದಲ್ಲ ಕಣಮ್ಮ," ಎಂದ. "ಆ ತೋಟಾನೇ ಬೇರೆ. ಕೆಳಗೆ ಬೀಳತ್ತೆ ಅಂತ ಗೊತ್ತಿತ್ತು. ಹೇಳಲಿಲ್ಲ."

ರೇವಾ ರೈಫಲ್ಲನ್ನು ತನ್ನತ್ತ ಎಳೆದುಕೊಂಡಳು. "ಊರಿಗೆಲ್ಲ ಪುರಾಣ ಹೇಳ್ತೀಯ. ನಂಗೆ ಅದೊಂದು ಮಾತು ಹೇಳೋಕ್ಕಾಗಲಿಲ್ವಾ?"

ಅವಳು ರೈಫಲ್ಲನ್ನು ಹೆಗಲಿಗೇರಿಸಿ ಹೊರಟಳು. ಮಾಂಸವನ್ನು ವಾಪಸ್ ಒಯ್ಯಲಿಲ್ಲ.

ಓಡಿ ದಣಿದು ಸತ್ತ ಪ್ರಾಣಿಯ ಮಾಂಸ ಬಿರುಸು. ಎಷ್ಟು ಬೇಯಿಸಿದರೂ ಮಣಿಯಲಿಲ್ಲ. ಎಸೆಯಲು ಮನಸ್ಸಾಗದೆ, ಯಾರಿಗೂ ಕೊಡಲು ಧೈರ್ಯ ಬಾರದೆ, ಮರ್ವಿನ್ ವಾರವಿಡೀ ಒಬ್ಬನೇ ಕೂತು ಅದನ್ನು ಅಗಿದ.